ಕಬ್ಬಿಣ ಹುಡುಕುವ ಆಪಾ

ಆಪಾಗೆ ಬದನೆಕಾಯಿ ಎನ್ನಲು ಬರುತ್ತಿರಲಿಲ್ಲ. ಶಬ್ದ ಗೊತ್ತಿತ್ತು, ಆದರೆ 'ಬ' ಅಕ್ಷರದ ಹತ್ತಿರ ಬಂದಾಗ ಅವರ ತುಟಿಗಳು ಅಂಟಿಕೊಂಡು ನಿಂತುಬಿಡುತ್ತಿದ್ದವು. ಶಹಾಪುರದ ಸಂತೆಗೆ ಮೊದಲ ಸಲ ಅವರ ಜೊತೆ ಹೋದಾಗ ಇದನ್ನು ಕಂಡೆ. ಕಾಯಿಪಲ್ಯದ ಹೆಂಗಸು "ಏನ್ ಕೊಡ್ಲಿ ಅಕ್ಕಾ?" ಎಂದು ಕೇಳಿದಳು. ಆಪಾ ಕಣ್ಣು ಮುಚ್ಚಿದರು, ಗದ್ದ ತುಸು ಮೇಲೆದ್ದಿತು, ದನಿ ಹೊರಡಲಿಲ್ಲ. ಉರ್ದುವಿನಲ್ಲಿ ಬೈಂಗನ್ ಎನ್ನೋಣವೆಂದರೆ ಅದೂ 'ಬ'ದಿಂದಲೇ ಶುರುವಾಗುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ತೆರೆದು, "ವಂಕಾಯ, ಅರ್ಧ ಕಿಲೋ" ಎಂದರು.

"ಗುರುಮಠಕಲ್ ಕಡಿಯವರೇನ್ರಿ?" ಎಂದು ಆ ಹೆಂಗಸು ತೂಗುತ್ತಾ ಕೇಳಿದಳು. ಆಪಾ ಹೌದೆಂದು ತಲೆಯಾಡಿಸಿದರು. ಅವರು ಹುಟ್ಟಿ ಬೆಳೆದದ್ದು ಸುರಪುರದಲ್ಲಿ. ವಾಪಸು ಬರುವಾಗ ನನ್ನ ಮುಖ ನೋಡಿ ನಕ್ಕರು. "ತೆಲುಗು ನಂಗ ಎರಡ್ಮೂರು ಶಬ್ದ ಅಷ್ಟೇ ಬರ್ತಾವ, ತಂಗಿ. ಎಲ್ಲಾ ಕಾಯಿಪಲ್ಯದ್ದೇ."

ಆಪಾ ತೀರಿಕೊಂಡು ಬಹಳ ದಿನವೇನೂ ಆಗಿಲ್ಲ. ಅವರನ್ನು ನೆನೆದಾಗ ನನಗೆ ಮೊದಲು ಬರುವುದು ಆ ಮುಚ್ಚಿದ ಕಣ್ಣು. ಬೇರೆಯವರಿಗೆ ಅದು ಸಂಕಟದ ಮುಖದ ಹಾಗೆ ಕಾಣುತ್ತಿತ್ತು. ಅವರ ಜೊತೆ ಕೆಲವು ವರ್ಷ ಕಳೆದ ನನಗೆ ಗೊತ್ತು, ಒಳಗೆ ಅವರು ದಾರಿ ಹುಡುಕುತ್ತಿರುತ್ತಿದ್ದರು. ಈ ಕಡೆ ಬಾಗಿಲು ಮುಚ್ಚಿದೆ, ಹಿತ್ತಲಿನಿಂದ ಹೋಗಲು ಆಗುತ್ತದೆಯೇ ಎಂದು.

ನಾನಾಗ ಶಹಾಪುರದಲ್ಲಿ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದೆ. ನನ್ನ ಗಂಡ ಕಡೇಚೂರಿನ ಕಾರ್ಖಾನೆಯೊಂದರಲ್ಲಿ. ಅವರ ಪಾಳಿ ಮುಗಿಯುವ ಹೊತ್ತಿಗೆ ಸೈದಾಪುರದಿಂದ ಈ ಕಡೆ ಬಸ್ಸು ಸಿಗುತ್ತಿರಲಿಲ್ಲವಾದ್ದರಿಂದ ಅಲ್ಲೇ ಗೆಳೆಯರ ಜೊತೆ ಇದ್ದು, ರಜೆಯ ದಿನ ಮಾತ್ರ ಬರುತ್ತಿದ್ದರು. ನಾನು ಬಾಡಿಗೆಗಿದ್ದದ್ದು ಆಪಾರ ಮನೆಯ ಮಹಡಿಯಲ್ಲಿ. ಕೆಳಗೆ ಆಪಾ ಮತ್ತು ಅವರ ತಾಯಿ. ಓಣಿಯವರೆಲ್ಲ ಮಗಳನ್ನು ಆಪಾ, ಎಂದರೆ ಅಕ್ಕ, ತಾಯಿಯನ್ನು ಅಮ್ಮಿ ಎನ್ನುತ್ತಿದ್ದರು. ಆಪಾ ಮದುವೆಯಾಗಿರಲಿಲ್ಲ. ಗಣಿತದಲ್ಲಿ ಎಂಎಸ್ಸಿ ಮಾಡಿ, ಹೆಣ್ಣುಮಕ್ಕಳ ಉರ್ದು ಪ್ರೌಢಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದರು.

ಉಗ್ಗುವವರು ಪಾಠ ಮಾಡುವುದು ಹೇಗೆ ಎಂದು ನನಗೂ ಮೊದಲು ಅನಿಸಿತ್ತು. ಆದರೆ ಹುಡುಗಿಯರ ಮುಂದೆ ಅವರಿಗೆ ಉಗ್ಗೇ ಇರಲಿಲ್ಲ. ಸಂಜೆ ಐದಾರು ಹುಡುಗಿಯರು ಮನೆಗೆ ಪಾಠಕ್ಕೆ ಬರುತ್ತಿದ್ದರು. ಆಗ ಕೆಳಗಿನಿಂದ ಆಪಾರ ದನಿ ನಲ್ಲಿ ಬಿಟ್ಟ ಹಾಗೆ ಹರಿದು ಬರುತ್ತಿತ್ತು. ಬೈಗುಳ, ತಮಾಷೆ, ಸೂತ್ರ, ಯಾರದೋ ಮದುವೆಯ ಸುದ್ದಿ, ಮತ್ತೆ ಸೂತ್ರ. 'ಬ' 'ಪ' 'ಮ' ಎಲ್ಲವೂ ಸರಾಗ. ಅಷ್ಟರಲ್ಲಿ ಯಾವುದಾದರೂ ಹುಡುಗಿಯ ತಂದೆ ಬಾಗಿಲಿಗೆ ಬಂದು ಕೆಮ್ಮಿದರೆ ಸಾಕು, ನಲ್ಲಿ ನಿಂತುಹೋಗುತ್ತಿತ್ತು. ಯಾಕೆ ಹೀಗೆ ಎಂದು ನಾನೊಮ್ಮೆ ಕೇಳಿದ್ದೆ. "ಮಕ್ಳು ನನ್ನ ಮಾತ ಕೇಳ್ತಾರ. ದೊಡ್ಡೋರು ನನ್ನ ಬಾಯಿ ನೋಡ್ತಾರ" ಎಂದಿದ್ದರು. ಅದನ್ನು ಹೇಳಲಿಕ್ಕೂ ಅವರಿಗೆ ಹೊತ್ತು ಹಿಡಿದಿತ್ತು.

ಎಲ್ಲಕ್ಕಿಂತ ಕಷ್ಟವಾಗುತ್ತಿದ್ದುದು ಫೋನು. ಎದುರಿಗಿದ್ದವರಿಗೆ ಮುಖವಾದರೂ ಕಾಣುತ್ತದೆ. ಫೋನಿನಲ್ಲಿ ಆಪಾರ ಮಾತು ನಿಂತರೆ ಆ ಕಡೆಯವರಿಗೆ ಬರಿಯ ನಿಶ್ಶಬ್ದ. "ಹಲೋ, ಹಲೋ" ಎಂದು ಎರಡು ಸಲ ಕೂಗಿ ಇಟ್ಟುಬಿಡುತ್ತಿದ್ದರು. ಆಪಾರ ಒಬ್ಬನೇ ತಮ್ಮ ಸೌದಿಯ ದಮ್ಮಾಮಿನಲ್ಲಿ ಏಸಿ ರಿಪೇರಿ ಕೆಲಸಕ್ಕಿದ್ದ. ಫೋನು ಮಾಡಿದರೆ ಅಮ್ಮಿ ಮಾತಾಡುತ್ತಿದ್ದರು, ಆಪಾ ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದರು. ಒಂದು ರಜೆಯಲ್ಲಿ ಬಂದವನು ಇದನ್ನು ನೋಡಿ, ಮನೆಯ ಕಂಪ್ಯೂಟರಿನಲ್ಲಿ ಆನ್‌ಲೈನ್ ಆಟವೊಂದನ್ನು ಹಾಕಿಕೊಟ್ಟು ಹೋದ. "ಫೋನ್ ಬ್ಯಾಡ. ಇಲ್ಲಿ ದಿನಾ ಭೇಟಿ ಆಗೂಣು" ಎಂದನಂತೆ.

ಅದು ಬದುಕಿ ಉಳಿಯುವ ಆಟ. ಯಾರೂ ಇಲ್ಲದ ಹಿಮದ ದ್ವೀಪವೊಂದರಲ್ಲಿ ಬರಿಗೈಯಲ್ಲಿ ಇಳಿಯಬೇಕು. ಕಟ್ಟಿಗೆ ಕಡಿದು, ಬೇಟೆಯಾಡಿ, ಗುಡಿಸಲು ಹಾಕಿ, ಚಳಿಗಾಲ ದಾಟಬೇಕು. ಸತ್ತರೆ ಕೈಯಲ್ಲಿದ್ದದ್ದೆಲ್ಲ ಹೋಗುತ್ತದೆ. ಸುರಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಒಬ್ಬ, ಹವ್ಯಾಸಕ್ಕೆಂದು ಈ ಆಟದ ಒಂದು ದ್ವೀಪವನ್ನು ತನ್ನ ಖರ್ಚಿನಲ್ಲಿ ನಡೆಸುತ್ತಿದ್ದ. ಆಡುವವರು ಅವನನ್ನು ಮಾಲಕ ಎನ್ನುತ್ತಿದ್ದರು. ದ್ವೀಪದಲ್ಲಿ ಇದ್ದವರೆಲ್ಲ ನಮ್ಮ ಕಡೆಯವರೇ, ಕೆಲವರು ಊರಲ್ಲಿ, ಕೆಲವರು ಕೊಲ್ಲಿ ದೇಶಗಳಲ್ಲಿ. ಪ್ರತಿಯೊಬ್ಬರಿಗೂ ಒಂದು ಆಟದ ಹೆಸರು. ಆಪಾ ಇಟ್ಟುಕೊಂಡದ್ದು ಸಿಫರ್. ಉರ್ದುವಿನಲ್ಲಿ ಸೊನ್ನೆ ಎಂದರ್ಥ. 'ಸ' ಅವರಿಗೆ ಎಂದೂ ತೊಂದರೆ ಕೊಡದ ಅಕ್ಷರ.

ಅಕ್ಕ ತಮ್ಮ ದಿನಾ ಸಂಜೆ ಮಗರಿಬ್ ನಮಾಜು ಮುಗಿದ ಮೇಲೆ ಅಲ್ಲಿ ಸಿಗುತ್ತಿದ್ದರು. ಕೀಲಿಮಣೆಯ ಮೇಲೆ ಮಾತು, ಪರದೆಯ ಮೇಲೆ ಕೆಲಸ. ಇವರು ಕಟ್ಟಿಗೆ ಹೊತ್ತರೆ ಅವನು ಗೋಡೆ ಕಟ್ಟುತ್ತಿದ್ದ. ಹಾಗೆ ಕಟ್ಟಿದ ಮನೆಗೆ ಅವರ ಸುರಪುರದ ಹಳೆಯ ಮನೆಯಂತೆಯೇ ಅಡುಗೆಮನೆ ಎಡಕ್ಕೆ, ಜಗಲಿ ಮುಂದಕ್ಕೆ. ಅಮ್ಮಿ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತು ನೋಡುತ್ತಿದ್ದರು. ನಾನೂ ಎಷ್ಟೋ ಸಂಜೆ ಮಂಡಾಳ ಒಗ್ಗರಣೆಯ ತಟ್ಟೆ ಹಿಡಿದು ಕೆಳಗೆ ಹೋಗಿ ಅವರ ಪಕ್ಕ ಕುಳಿತಿದ್ದೇನೆ. ಪರದೆಯ ಮೇಲೆ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಕೊಡಲಿ ಬೀಸುವ ತಮ್ಮನ ಬೊಂಬೆಯನ್ನು ನೋಡಿ ಅಮ್ಮಿ ಒಂದು ದಿನ ನಿಟ್ಟುಸಿರು ಬಿಟ್ಟರು.

"ಸಣ್ಣಾಗ್ಯಾನ ನೋಡು ನನ್ನ ಮಗ."

"ಅಮ್ಮಿ, ಅದು ಅವನಲ್ರಿ, ಚಿತ್ರ" ಎಂದೆ.

"ಗೊತ್ತದ ಬಿಡು. ಆದ್ರೂ ಸಣ್ಣಾಗ್ಯಾನ. ಉಂಡಾನಿಲ್ಲೋ ಕೇಳು ಅವನ್ನ."

ಆಪಾ ಟೈಪು ಮಾಡಿ ಕೇಳಿದರು. ದಮ್ಮಾಮಿನಿಂದ ಉತ್ತರ ಬಂತು, ಊಟ ಆಯ್ತು, ಮೀನು. ಅಮ್ಮಿಗೆ ಸಮಾಧಾನವಾಯಿತು.

ಆ ದ್ವೀಪದಲ್ಲಿ ಬದುಕಬೇಕಾದರೆ ಒಳ್ಳೆಯ ಕಬ್ಬಿಣ ಬೇಕು. ಕೆಟ್ಟ ಕಬ್ಬಿಣದ ಕೊಡಲಿ ನಡುಚಳಿಯಲ್ಲಿ ಮುರಿಯುತ್ತದೆ, ಒಲೆ ಸೀಳಿಹೋಗುತ್ತದೆ. ಕಬ್ಬಿಣ ಎಲ್ಲೆಡೆ ಇರುತ್ತಿತ್ತು, ಒಳ್ಳೆಯದು ಎಲ್ಲೋ ಒಂದು ಕಡೆ. ಹುಡುಕಲು ಕೈಯಲ್ಲಿ ಹಿಡಿಯುವ ಒಂದು ಮೀಟರು ಕೊಟ್ಟಿದ್ದರು. ನಿಂತ ಜಾಗದ ಅದಿರು ನೂರಕ್ಕೆ ಎಷ್ಟು ಶುದ್ಧ ಎಂದು ಅದು ಹೇಳುತ್ತಿತ್ತು, ಆ ಜಾಗದ್ದು ಮಾತ್ರ. ಮಾಲಕ ಆಗಾಗ ಎಲ್ಲವನ್ನೂ ಕಲಸಿ ಬೇರೆ ಬೇರೆ ಕಡೆ ಇಟ್ಟುಬಿಡುತ್ತಿದ್ದ. ಉಳಿದವರು ಮೀಟರು ಹಿಡಿದು ದಿನಗಟ್ಟಲೆ ಕಂಡಕಂಡಲ್ಲಿ ಅಲೆಯುತ್ತಿದ್ದರು. ಆಪಾ ಒಂದೇ ಸಂಜೆಯಲ್ಲಿ ಹುಡುಕುತ್ತಿದ್ದರು.

ಹೇಗೆ ಎಂದು ಕೇಳಿದ್ದಕ್ಕೆ ನನ್ನನ್ನು ಮಾಳಿಗೆಗೆ ಕರೆದುಕೊಂಡು ಹೋದರು. ಊರ ಹಿಂದೆ ಮಲಗಿದ ಬುದ್ಧನ ಗುಡ್ಡ ಬಿಸಿಲಿಗೆ ಕೆಂಪಗೆ ಕಾಣುತ್ತಿತ್ತು.

"ನಿನ್ನ ಕಣ್ಣು ಕಟ್ಟಿ ಆ ಗುಡ್ಡದ ಬುಡಕ್ಕ ಬಿಡ್ತೀನಿ. ತುದಿ ಹ್ಯಾಂಗ ಹುಡುಕ್ತಿ?"

"ಏರು ಎತ್ತಾಗ ಅದನೋ ಅತ್ತಾಗ ಹೋಗ್ತೀನ್ರಿ. ಕಾಲಿಗೆ ಗೊತ್ತಾಗ್ತದಲ್ಲ."

"ಅಷ್ಟೇ. ಮೀಟರು ನನ್ನ ಕಾಲು." ಅವರು ನಿಧಾನವಾಗಿ, ನಿಂತು ನಿಂತು ವಿವರಿಸಿದರು. ಇದ್ದಲ್ಲಿಂದ ಪೂರ್ವಕ್ಕೆ ಸ್ವಲ್ಪ ಹೋಗಿ ನೋಡುವುದು, ಶುದ್ಧತೆ ಎಷ್ಟು ಏರಿತು ಎಂದು. ಮತ್ತೆ ಉತ್ತರಕ್ಕೆ ಅಷ್ಟೇ ದೂರ ಹೋಗಿ ನೋಡುವುದು. ಪೂರ್ವಕ್ಕೆ ನಾಲ್ಕು ಏರಿ, ಉತ್ತರಕ್ಕೆ ಎರಡು ಏರಿದರೆ, ಎರಡು ಹೆಜ್ಜೆ ಪೂರ್ವಕ್ಕೆ ಇಟ್ಟಾಗ ಒಂದು ಉತ್ತರಕ್ಕೆ ಇಡಬೇಕು. ಅದೇ ಎಲ್ಲಕ್ಕಿಂತ ಕಡಿದಾದ ಏರು. ಏರು ಜೋರಾಗಿದ್ದರೆ ದೊಡ್ಡ ಹೆಜ್ಜೆ, ಮೆತ್ತಗಾದರೆ ಸಣ್ಣ ಹೆಜ್ಜೆ. ಯಾವ ಕಡೆ ಹೋದರೂ ಇಳಿಯತೊಡಗಿದರೆ ತುದಿ ಬಂದಂತೆ.

"ಬಂದ್ರ ಮುಗೀತಲ್ಲ?"

"ಮುಗೀಲಿಲ್ಲ. ಅದು ಸಣ್ಣ ಗುಡ್ಡದ ತುದಿ ಇದ್ರ? ಕಣ್ಣು ಕಟ್ಟೈತಲ್ಲ, ಆ ಕಡಿ ದೊಡ್ಡದು ಅದ ಅಂತ ಹ್ಯಾಂಗ ಗೊತ್ತಾಗ್ತದ? ಅದಕ್ಕ ಮೊದಲ ಇಡೀ ಹೊಲಾ ಅಗಲಕ ಅಡ್ಡಾಡಿ ಬರಬೇಕು. ದೂರ ದೂರ ನಿಂತು ನೋಡಬೇಕು. ಆಮ್ಯಾಲ ಹತ್ತಬೇಕು."

ಈ ಲೆಕ್ಕವನ್ನೆಲ್ಲ ಅವರು ಗೋಡೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಮಾಡುತ್ತಿದ್ದರು. ಅಂಕಿಗಳ ಜೊತೆ ಅವರಿಗಿದ್ದ ಸಲಿಗೆಯೇ ಬೇರೆ. ಬದನೆಕಾಯಿಗೆ ಇನ್ನೊಂದು ಹೆಸರು ಹುಡುಕಬಹುದು, ಅಂಕಿಗೆ ಎಲ್ಲಿಂದ ತರುವುದು? ಐವತ್ತನ್ನು ಉರ್ದುವಿನಲ್ಲಿ ಹೇಳಲು ಹೋದರೆ 'ಪ' ಅಡ್ಡ ಬರುತ್ತದೆ, ಕನ್ನಡದಲ್ಲಿ ಹೇಳಿಬಿಡುತ್ತಿದ್ದರು. ಮೂವತ್ತು ಕನ್ನಡದಲ್ಲಿ ಆಗದು, ಉರ್ದುವಿನಲ್ಲಿ ತೀಸ್. ಆದರೆ ಮೂವತ್ತೆರಡು ಅವರ ಪಾಲಿನ ಶನಿ. ಕನ್ನಡದಲ್ಲಿ 'ಮ', ಉರ್ದುವಿನ ಬತ್ತೀಸಿಗೆ 'ಬ', ತೆಲುಗಿನಲ್ಲೂ 'ಮ'. ಅದು ಬಂದಾಗಲೆಲ್ಲ "ನಾಲ್ಕೆಂಟ್ಲೆ" ಎನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಹೇಳಿದರೆ ಆಗುತ್ತಿತ್ತಲ್ಲ ಎಂದು ಕೇಳಿದೆ. "ಆಗ್ತದ. ಆದ್ರ ನಾಲ್ಕೆಂಟ್ಲೆ ಚಂದ ಅದ" ಎಂದರು.

ತೊಂದರೆ ಶುರುವಾದದ್ದು ಅವರು ಪ್ರತಿ ಸಲವೂ ಸರಿಯಾಗಿರುತ್ತಿದ್ದುದರಿಂದ. ಮಾಲಕ ಸಂಜೆ ಕಲಸಿಟ್ಟರೆ, ಮರುಸಂಜೆಯೊಳಗೆ ಸಿಫರ್ ಜಾಗ ಬರೆದುಹಾಕುತ್ತಿದ್ದ. ಸಿಫರ್ ಗಂಡಸೆಂದೇ ಎಲ್ಲರ ಎಣಿಕೆ. ಅಕ್ಕ ತಮ್ಮ ತಮಗೆ ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ಬಿಡುತ್ತಿದ್ದರು. ಮೊದಮೊದಲು ಎಲ್ಲರೂ ಖುಷಿಪಟ್ಟರು. ನಂತರ ಸೈದಾಪುರದ ಒಬ್ಬನಿಗೆ ಸಂಶಯ ಹತ್ತಿತು. ಅವನೂ ಕಡೇಚೂರಿನ ಕಾರ್ಖಾನೆಯವನೇ, ಪಾಳಿ ಮುಗಿಸಿ ಬಂದು ಕಣ್ಣು ಕೆಂಪು ಮಾಡಿಕೊಂಡು ಹುಡುಕುವವನು. ನೆಲದೊಳಗಿನ ಅದಿರನ್ನೆಲ್ಲ ಬಣ್ಣ ಬಣ್ಣವಾಗಿ ತೋರಿಸುವ ಕಳ್ಳ ಸಾಫ್ಟ್‌ವೇರು ಸಿಗುತ್ತದಂತೆ. ಸಿಫರ್ ಅದನ್ನು ಹಾಕಿಕೊಂಡಿದ್ದಾನೆ ಎಂದು ಎಲ್ಲರ ಮುಂದೆ ಬರೆದ. ಇವನು ಎಂದೂ ಬಾಯಿ ಬಿಡುವುದಿಲ್ಲ, ಎಲ್ಲರೂ ಹೆಡ್‌ಫೋನಿನಲ್ಲಿ ಮಾತಾಡಿಕೊಂಡು ಆಡುವಾಗ ಇವನೊಬ್ಬನೇ ಟೈಪು ಮಾಡುತ್ತಾನೆ, ಯಾಕೆ ಎಂದೂ ಕೇಳಿದ.

ಹತ್ತು ಮಂದಿ ಹೌದು ಹೌದು ಎಂದ ಮೇಲೆ ಮಾಲಕ ಸಿಫರ್‌ಗೆ ನೇರವಾಗಿ ಬರೆದ. ಭಾನುವಾರ ಮಧ್ಯಾಹ್ನ ಬಾ. ಯಾರೂ ನೋಡದ ಹೊಸ ನೆಲ ಮಾಡಿ ಇಡುತ್ತೇನೆ. ನಮ್ಮೆಲ್ಲರ ಮುಂದೆ, ಬಾಯಿಬಿಟ್ಟು ಹೇಳುತ್ತಾ ಹುಡುಕು. ಇಲ್ಲದಿದ್ದರೆ ನಿನ್ನ ಖಾತೆ ತೆಗೆಯುತ್ತೇನೆ. ಖಾತೆ ಹೋದರೆ ಆ ಖಾತೆಯಲ್ಲಿದ್ದ ಮನೆಯೂ ಹೋಗುತ್ತದೆ. ಎಡಕ್ಕೆ ಅಡುಗೆಮನೆ, ಮುಂದಕ್ಕೆ ಜಗಲಿ ಇದ್ದ ಮನೆ.

ತಮ್ಮ ಸಿಟ್ಟಾದ. ಸಿಫರ್ ನನ್ನ ಅಕ್ಕ, ಟೀಚರು, ಮಾತಿನ ತೊಂದರೆ ಇದೆ, ಬಿಟ್ಟುಬಿಡಿ ಎಂದು ತಾನೇ ಹೇಳುತ್ತೇನೆಂದು ಬರೆದ. ಆಪಾ ಬೇಡವೆಂದರು. ಅವತ್ತು ಪಾಠದ ಹುಡುಗಿಯರು ಹೋದ ಮೇಲೆ ಮೆಟ್ಟಿಲು ಹತ್ತಿ ನನ್ನ ಮನೆಗೆ ಬಂದರು. ಬಾಗಿಲಲ್ಲೇ ನಿಂತು ಬಹಳ ಹೊತ್ತು ಕಣ್ಣು ಮುಚ್ಚಿದರು. ನಾನು ಕೈಯಲ್ಲಿದ್ದ ಹಿಟ್ಟು ಹಾಗೇ ಬಿಟ್ಟು ಕಾದೆ.

"ನನ್ನ ತಮ್ಮ ನನ್ನ ಸಲುವಾಗಿ ಅವರ ಮುಂದ ಕೈ ಮುಗೀಬಾರ್ದು" ಎಂದರು. "ನೀ ಮಾತಾಡ್ತಿಯೇನು? ನಾ ಹಲಗಿ ಮ್ಯಾಲ ಬರಿತೀನಿ. ನೀ ಓದಿ ಹೇಳು. ನೀ ಕಚೇರ್ಯಾಗ ದಿನಾ ಫೋನಿನ್ಯಾಗೇ ಇರ್ತಿ."

"ನಂಗ ಲೆಕ್ಕ ಬರಂಗಿಲ್ರಿ ಆಪಾ."

"ಲೆಕ್ಕ ನನ್ನದು. ಬಾಯಿ ನಿನ್ನದು."

ಎರಡು ಸಂಜೆ ತಾಲೀಮು ಮಾಡಿದೆವು. ಅವರು ಅಂಕಿ ಬರೆಯುವುದು, ನಾನು ಹೇಳುವುದು. ಅಮ್ಮಿಗೆ ಇದು ನಾಟಕದಂತೆ ಕಂಡು ನಕ್ಕರು. ಆಪಾ ನಗಲಿಲ್ಲ. ಶಾಲೆಯ ಪರೀಕ್ಷೆಗೂ ಅವರು ಅಷ್ಟು ಬಿಗಿಯಾಗಿ ಕುಳಿತದ್ದನ್ನು ನಾನು ಕಂಡಿರಲಿಲ್ಲ.

ಭಾನುವಾರ ಊಟವಾದ ಮೇಲೆ ಕೂತೆವು. ನನ್ನ ತಲೆಗೆ ಹೆಡ್‌ಫೋನು. ಅಮ್ಮಿಗೂ ಕೇಳಲೆಂದು ದನಿಯನ್ನು ಪಕ್ಕದ ಸ್ಪೀಕರಿಗೂ ಕೊಟ್ಟಿದ್ದೆವು. ಕೀಲಿಮಣೆ ಆಪಾರ ಕೈಯಲ್ಲಿ. ಪರದೆಯ ಮೇಲೆ ಬಿಳಿಯ ಹೊಸ ನೆಲ, ನಡುವೆ ಹೆಪ್ಪುಗಟ್ಟಿದ ಒಂದು ಕೆರೆ. ನಮ್ಮ ಬೊಂಬೆಯ ಹಿಂದೆ ಹತ್ತು ಹನ್ನೆರಡು ಬೊಂಬೆಗಳು ದಿಬ್ಬಣದ ಹಾಗೆ ನಿಂತಿದ್ದವು.

"ಸಿಫರ್ ಬಂದಾನೇನು?" ಎಂದಿತು ಮಾಲಕನ ದನಿ.

"ಬಂದೀನ್ರಿ" ಎಂದೆ.

"ಹೆಣ್ಮಗಳೇನ್ರಿ ನೀವು?" ಎಂದ ಯಾರೋ. ಮಾಲಕ ಅವನನ್ನು ಸುಮ್ಮನಿರಿಸಿ, "ಶುರು ಮಾಡ್ರಿ ಅಕ್ಕಾರ. ಏನ್ ಮಾಡ್ತೀರಿ, ಯಾಕ ಮಾಡ್ತೀರಿ, ಹೇಳ್ಕೋತ ಹೋಗ್ರಿ" ಎಂದ.

ಮೊದಲು ಸುಲಭವಾಗಿಯೇ ಹೋಯಿತು. ಆಪಾ ನೆಲವನ್ನು ಅಗಲಕ್ಕೆ ಅಡ್ಡಾಡುತ್ತಾ ದೂರ ದೂರದಲ್ಲಿ ಮೀಟರು ನೋಡಿದರು. ನಾನು ಅಂಕಿ ಓದಿದೆ. ಕೆರೆಯ ಮಂಜುಗಡ್ಡೆಯ ಮೇಲೆ ಮೀಟರು ನಡೆಯುವುದಿಲ್ಲವಾದ್ದರಿಂದ ಅದನ್ನು ಸುತ್ತು ಹಾಕಿದರು. ಆಮೇಲೆ ಥಟ್ಟನೆ ಹಿಂದಕ್ಕೆ ತಿರುಗಿ, ಆಗಲೇ ನೋಡಿದ್ದ ಒಂದು ಕಡೆಗೆ ಓರೆಯಾಗಿ ಹೊರಟರು.

"ತಡೀರಿ. ಈಗ ಯಾಕ ಹೊಳ್ಳಿದ್ರಿ?" ಎಂದ ಸೈದಾಪುರದವನು.

ನಾನು ಆಪಾರ ಮುಖ ನೋಡಿದೆ. ಅವರು ಎದ್ದು ಹಲಗೆಯ ಮೇಲೆ ಬರೆಯತೊಡಗಿದರು. ಎರಡು ಸಾಲು ಸೂತ್ರ. ನನಗೆ ಓದಲೂ ಬರಲಿಲ್ಲ.

"ಉತ್ತರ ಬರವಲ್ದು ನೋಡ್ರಿ. ಯಾರೋ ಹಿಂದ ಕುಂತು ಹೇಳಿಕೊಡಾಕತ್ತಾರ. ನಾ ಹೇಳ್ಲಿಲ್ಲೇನು? ಅವರ ಮುಂದ ಇನ್ನೊಂದು ಪರದಿ ಅದ" ಎಂದ ಅವನೇ.

ಆಪಾ ಸೀಮೆಸುಣ್ಣ ಕೆಳಗಿಟ್ಟರು. ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡು, ನನ್ನ ತಲೆಯ ಮೇಲಿನ ಹೆಡ್‌ಫೋನನ್ನು ಮೆಲ್ಲಗೆ ತೆಗೆದು ತಾವು ಹಾಕಿಕೊಂಡರು. ಕಣ್ಣು ಮುಚ್ಚಿದರು.

ಏನೂ ಕೇಳಲಿಲ್ಲ. ಅಮ್ಮಿ ಜಪಮಾಲೆ ಹಿಡಿದ ಕೈಯನ್ನು ಮಡಿಲಲ್ಲಿಟ್ಟು ಮಗಳನ್ನೇ ನೋಡುತ್ತಿದ್ದರು. ಸ್ಪೀಕರಿನಲ್ಲಿ "ಹಲೋ, ಹಲೋ, ಲೈನ್ ಕಟ್ ಆತೇನ್ರಿ?" ಎಂದ ಮಾಲಕ. ಆಗ ದಮ್ಮಾಮಿನಿಂದ ತಮ್ಮನ ದನಿ ಬಂತು.

"ಕಟ್ ಆಗಿಲ್ಲ. ತಡೀರಿ."

ಅಷ್ಟೇ ಹೇಳಿದ. ಎಲ್ಲರೂ ತಡೆದರು.

"ಸಿಫರ್ ನಾನು" ಎಂದರು ಆಪಾ. "ಸಾಲ್ಯಾಗ ಲೆಕ್ಕ ಕಲಸ್ತೀನಿ. ಇಷ್ಟೊತ್ತು ಮಾತಾಡಿದಾಕಿ ನನ್ನ ತಂಗಿ. ನಂಗ ಮಾತು ನಿಂತು ನಿಂತು ಬರ್ತದ. ನೀವು ಕಾಯಬೇಕು."

"ಆತ್ರಿ" ಎಂದ ಮಾಲಕ. ಅವನ ದನಿ ಸಣ್ಣದಾಗಿತ್ತು.

ಆಪಾ ಹೇಳಿದರು. ಗುಡ್ಡ, ಕಟ್ಟಿದ ಕಣ್ಣು, ಪೂರ್ವದ ಏರು, ಉತ್ತರದ ಏರು. ನನಗೆ ಮಾಳಿಗೆಯ ಮೇಲೆ ಹೇಳಿದ್ದನ್ನೇ ಹೇಳಿದರು. ಬಹಳ ಹೊತ್ತು ಹಿಡಿಯಿತು. ಕೆಲವು ಕಡೆ ಶಬ್ದ ಬದಲಿಸಿದರು, ಕೆಲವು ಕಡೆ ಶಬ್ದದ ಮುಂದೆಯೇ ಕುಳಿತು ಅದು ಬರುವ ತನಕ ಕಾದರು. ಬೊಂಬೆ ನಡೆಯುತ್ತಾ ಹೋಯಿತು. ಒಂದು ಕಡೆ ಮೀಟರು ಎಪ್ಪತ್ತೆಂಟು ತೋರಿಸಿತು. ಸುತ್ತ ಎತ್ತ ಹೋದರೂ ಇಳಿಯುತ್ತಿತ್ತು.

"ಇದೇ ಏನ್ರಿ ತುದಿ?" ಎಂದ ಸೈದಾಪುರದವನು. ಈಗ ಅವನ ಮಾತಿನಲ್ಲಿ ಮೊದಲಿನ ಮೊನೆ ಇರಲಿಲ್ಲ.

"ತುದಿ ಹೌದು. ಸಣ್ಣ ಗುಡ್ಡದ್ದು. ನಾ ಅಡ್ಡಾಡಿದಾಗ ಆ ಕಡಿ ಇನ್ನೊಂದು ಏರು ಕಂಡಿತ್ತು. ಅಲ್ಲಿಗೆ ಹೋಗೂಣು, ಚೌಕ..." ಆ ನೆಲದ ನಕ್ಷೆಯನ್ನು ಚೌಕ ಚೌಕ ಮಾಡಿ ಅಂಕಿ ಕೊಟ್ಟಿದ್ದರು. ಆಪಾ ಹೋಗಬೇಕಾಗಿದ್ದದ್ದು ಮೂವತ್ತೆರಡನೆಯದಕ್ಕೆ. ಅವರ ತುಟಿ 'ಮ್' ಎಂದು ಮುಚ್ಚಿಕೊಂಡಿತು. ನಾಲ್ಕೆಂಟ್ಲೆ ಬರುತ್ತದೆ ಎಂದುಕೊಂಡು ನಾನು ಕಾದೆ.

"ಮೂವತ್ತಾ? ಮೂವತ್ತೊಂದಾ?" ಎಂದ ಮಾಲಕ.

ಅವನಿಗೆ ಕಾಣುವುದಿಲ್ಲವೆಂದು ಗೊತ್ತಿದ್ದರೂ ಆಪಾ ಪರದೆಯ ಕಡೆ ಕೈ ಎತ್ತಿ ತಡೆದರು. ಇನ್ನಷ್ಟು ಹೊತ್ತಾಯಿತು. "ಮೂವತ್ತೆರಡು" ಎಂದರು, ಪೂರ್ತಿಯಾಗಿ. ನಂತರ, "ನಡುವ ಬಾಯಿ ಹಾಕಬ್ಯಾಡ್ರಿ. ನನ್ನ ಮಾತು ನಾ ಮುಗಸ್ತೀನಿ" ಎಂದರು. ಹುಡುಗಿಯರಿಗೆ ಗದರುವ ಅದೇ ದನಿ.

ಅಲ್ಲಿಂದ ಮುಂದೆ ಯಾರೂ ನಡುವೆ ಮಾತಾಡಲಿಲ್ಲ. ಆ ಎರಡನೆಯ ಏರನ್ನು ಹತ್ತಿ ಆಪಾ ತೊಂಬತ್ತೊಂದಕ್ಕೆ ನಿಂತರು. ಸುತ್ತಲೂ ಅಳೆದು ನೋಡಿ, "ಇದು ಈ ನೆಲದ ಎಲ್ಲಾಕಿಂತ ಚಲೋ ಕಬ್ಬಿಣ" ಎಂದರು.

"ಅಲ್ರಿ ಟೀಚರ್" ಎಂದ ಮಾಲಕ.

ಅಮ್ಮಿ, "ಏನಂದ ಅವ?" ಎಂದು ನನ್ನನ್ನು ಕೇಳಿದರು.

"ತೊಂಬತ್ತೊಂಬತ್ತರದು ಬ್ಯಾರೆ ಕಡಿ ಅದ. ಕೆರಿ ಕೆಳಗ ಇಟ್ಟೀನಿ ನಾ. ಬೇಕಂತ." ಮಾಲಕ ನಗತೊಡಗಿದ. "ಆ ಕಳ್ಳ ಸಾಫ್ಟ್‌ವೇರ್ ಇದ್ದಿದ್ರ, ಬಂದ ಕೂಡಲೇ ಕೆರಿ ಕೆಳಗ ಬಣ್ಣ ಕಾಣ್ತಿತ್ತು. ಅಲ್ಲಿಗೇ ನೆಟ್ಟಗ ಹೋಗ್ತಿದ್ರು. ನೀವು ಕೆರಿ ಸುತ್ತು ಹಾಕಿ ಬಂದ್ರಿ. ಖರೇ ಹುಡುಕೋರಷ್ಟೇ ಹಂಗ ತಪ್ಪೂದು."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಸೈದಾಪುರದವನು, "ತಪ್ಪಾತ್ರಿ ಟೀಚರ್, ಮನಸಿಗೆ ಹಚ್ಕೋಬ್ಯಾಡ್ರಿ" ಎಂದ. ತಮ್ಮನ ಬೊಂಬೆ ಬಂದು ಆಪಾರ ಬೊಂಬೆಯ ಪಕ್ಕ ನಿಂತಿತು. ನಾನು ಆಪಾರ ಭುಜ ಹಿಡಿದು ಅಲುಗಿಸಿದೆ. ಅಮ್ಮಿ ದುವಾಕ್ಕೆ ಕೈ ಎತ್ತಿದರು.

ಆಪಾರ ಮುಖದಲ್ಲಿ ಮಾತ್ರ ಖುಷಿ ಇರಲಿಲ್ಲ. ಹೆಡ್‌ಫೋನು ತೆಗೆದಿಟ್ಟು, ಹುಬ್ಬು ಗಂಟಿಕ್ಕಿ ಹಲಗೆಯ ಮುಂದೆ ಹೋಗಿ ನಿಂತರು.

"ಆಪಾ, ಗೆದ್ರಿ!"

"ಎಲ್ಲಿ ಗೆದ್ದೆ? ಕೆರಿ ಬಿಟ್ಟೆ" ಎಂದರು. "ದಂಡಿ ಮ್ಯಾಲಿನ ಅಂಕಿ ಎಲ್ಲಾ ಕೆರಿ ಕಡಿಗೇ ಏರಾಕತ್ತಿದ್ವು. ನೋಡಿದ್ರೂ ಬಿಟ್ಟೆ. ಮೀಟರು ನಡಿಯಂಗಿಲ್ಲ ಅಂದ್ರ ಅಲ್ಲೇನೂ ಇಲ್ಲ ಅಂದ್ಕೊಂಡೆ. ಹತ್ತನೇತ್ತಿ ಹುಡಿಗಿ ಮಾಡೂ ತಪ್ಪು."

ಚಹಾ ಆರಿಹೋಗುವ ತನಕ ಅಲ್ಲೇ ನಿಂತಿದ್ದರು. ಮುಂದಿನ ವಾರದೊಳಗೆ, ದಂಡೆಯ ಸುತ್ತ ಸಿಕ್ಕ ಅಂಕಿಗಳಿಂದ ಕೆರೆಯ ಅಡಿಯ ಗುಡ್ಡದ ತುದಿ ಎಲ್ಲಿರಬಹುದೆಂದು ಅಂದಾಜು ಮಾಡುವ ದಾರಿಯೊಂದನ್ನು ಹುಡುಕಿದರು. ಹುಡುಕಿದ್ದನ್ನು ಬಚ್ಚಿಟ್ಟುಕೊಳ್ಳಲಿಲ್ಲ. ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಕೂಡಿಸಿ ಹೇಳಿಕೊಟ್ಟರು. ಹಾಗೆ ಆ ಭಾನುವಾರಗಳು ಒಂದು ರೂಢಿಯಾಗಿಬಿಟ್ಟವು. ಸೈದಾಪುರದವನೇ ಎಲ್ಲರಿಗಿಂತ ಚೆನ್ನಾಗಿ ಕಲಿತ. ಕೊನೆಗೆ ದ್ವೀಪದಲ್ಲಿ ಒಳ್ಳೆಯ ಕಬ್ಬಿಣ ಎಲ್ಲರಿಗೂ ಸಿಗತೊಡಗಿ, ಸಿಫರ್‌ಗೆ ಮೊದಲಿನ ಹೆಚ್ಚುಗಾರಿಕೆ ಉಳಿಯಲಿಲ್ಲ. ಬೇಜಾರಿಲ್ಲವೇ ಎಂದರೆ, "ಯಾಕ? ಈಗ ನಂಗ ಜಗಳಾಡಾಕ ಮಂದಿ ಸಿಕ್ಕಾರ" ಎನ್ನುತ್ತಿದ್ದರು. ನಿಜ, ಆ ಗಂಡಸರ ಜೊತೆ ಅವರು ಲೆಕ್ಕದ ಮೇಲೆ ಜಗಳಾಡುತ್ತಿದ್ದರು. ಉಗ್ಗು ಹೋಗಿರಲಿಲ್ಲ, ಹಾಗೇ ಇತ್ತು. ಅವರು ಕಾಯುತ್ತಿದ್ದರು, ಇವರು ಮುಗಿಸುತ್ತಿದ್ದರು.

ಎರಡು ವರ್ಷದ ಹಿಂದೆ ನನಗೆ ಯಾದಗಿರಿಗೆ ವರ್ಗವಾಯಿತು. ಗಂಡನಿಗೂ ಅಲ್ಲಿಂದ ಓಡಾಡಲು ಅನುಕೂಲವಾದ್ದರಿಂದ ಮನೆ ಬದಲಿಸಿದೆವು. ಆಪಾ ಆಗಾಗ ಫೋನಿನಲ್ಲಿ ಬರೆಯುತ್ತಿದ್ದರು. ಒಮ್ಮೊಮ್ಮೆ ಬರಿಯ ಒಂದು ಅಂಕಿ ಬರೆದು, ಇದನ್ನು ಹೇಗೆ ಹೇಳಲಿ ಹೇಳು, ಎಂದು ಕೇಳುತ್ತಿದ್ದರು. ಈ ವರ್ಷ ಶಾಲೆ ಶುರುವಾದ ಹೊಸತರಲ್ಲಿ, ಒಂದು ಬೆಳಿಗ್ಗೆ ಶಾಲೆಗೆ ಹೊರಟವರು ಎದೆ ಹಿಡಿದುಕೊಂಡು ಜಗಲಿಯಲ್ಲಿ ಕುಳಿತರಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಐವತ್ತು ದಾಟಿ ಕೆಲವೇ ವರ್ಷವಾಗಿತ್ತು. ಮಣ್ಣಿಗೆ ತಮ್ಮ ಬಂದು ಮುಟ್ಟಲಾಗಲಿಲ್ಲ. ನಾಲ್ಕು ದಿನದ ಮೇಲೆ ಬಂದ.

ಶಾಲೆಯವರು ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ನನ್ನನ್ನೂ ಕರೆದರು. ಮುಂದೆ ಕುರ್ಚಿಗಳಲ್ಲಿ ದೊಡ್ಡವರು, ಹಿಂದೆ ನೆಲದ ಮೇಲೆ ಹುಡುಗಿಯರು. ಮೊದಲ ಸಾಲಿನ ಕೊನೆಯ ಕುರ್ಚಿಯಲ್ಲಿ ತಮ್ಮ ತಲೆ ತಗ್ಗಿಸಿ ಕುಳಿತಿದ್ದ. ಮಾತಾಡಿದವರೆಲ್ಲ ಒಳ್ಳೆಯದನ್ನೇ ಹೇಳಿದರು. ಮಿತಭಾಷಿ ಎಂದರೊಬ್ಬರು. ಅವರ ಮೌನವೇ ಮಾತಾಗಿತ್ತು ಎಂದರು ಇನ್ನೊಬ್ಬರು. ಎಷ್ಟು ಬೇಕೋ ಅಷ್ಟೇ ಮಾತಾಡುವ ಇಂಥವರು ಈಗ ಸಿಗುವುದಿಲ್ಲ ಎಂದರು ಮತ್ತೊಬ್ಬರು.

ನನ್ನ ಸರದಿ ಬಂತು. ಬರೆದುಕೊಂಡು ಹೋಗಿದ್ದ ಮಾತುಗಳು ಬೇಡವೆನಿಸಿದವು.

"ಆಪಾ ಮಿತಭಾಷಿ ಅಲ್ರಿ. ಭಾಳ ಮಾತಾಡ್ತಿದ್ರು. ನೀವು ಲಗೂನ ಎದ್ದು ಹೋಗ್ತಿದ್ರಿ" ಎಂದೆ.

ಕುರ್ಚಿಗಳಲ್ಲಿ ಕುಳಿತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಒಬ್ಬ ಹುಡುಗಿ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಪಕ್ಕದವಳು ಅವಳನ್ನು ತಿವಿದು ತಾನೂ ನಕ್ಕಳು. ಅಷ್ಟರಲ್ಲಿ ಸಾಲು ಸಾಲಾಗಿ ಎಲ್ಲ ಹುಡುಗಿಯರೂ ನಗತೊಡಗಿದರು. ಅಳುತ್ತಿದ್ದವರೂ ನಕ್ಕರು. ಒಬ್ಬ ಶಿಕ್ಷಕರು ಎದ್ದು ಶ್ ಎಂದರು.

"ಹೌದ್ರಿ ಸರ್, ಖರೇ" ಎಂದಳು ಒಬ್ಬಳು, ಎದ್ದು ನಿಂತು. "ಗಂಟಿ ಹೊಡದ್ರೂ ಬಿಡ್ತಿದ್ದಿಲ್ರಿ."

ತಮ್ಮ ತಲೆ ಎತ್ತಿದ. ಹಿಂದೆ ತಿರುಗಿ ಆ ಹುಡುಗಿಯರನ್ನು ನೋಡಿದ. ಆಮೇಲೆ ಎದ್ದು, ತನ್ನ ಕುರ್ಚಿಯನ್ನು ವೇದಿಕೆಗೆ ಬೆನ್ನು ಮಾಡಿ ಅವರ ಕಡೆಗೆ ತಿರುಗಿಸಿ ಹಾಕಿಕೊಂಡು ಕುಳಿತ.

"ಏನೇನ್ ಹೇಳ್ತಿದ್ಳು?" ಎಂದು ಕೇಳಿದ.

ಹುಡುಗಿಯರೆಲ್ಲ ಒಮ್ಮೆಲೇ ಹೇಳತೊಡಗಿದರು.